ಹೇಳದೆ ಉಳಿಸಿಕೊಂಡ ಆರು ಅಂಕಿ

ನಾನು ಕೆಲಸ ಬಿಟ್ಟ ದಿನ ಯಾರೂ ಶಾಲು ಹೊದಿಸಲಿಲ್ಲ, ಕೈಗೆ ತೆಂಗಿನಕಾಯಿ ಇಡಲಿಲ್ಲ. ಹೆಲ್ಮೆಟ್ ಇಟ್ಟು ಹೋಗು ಅಂದರು. ಇಟ್ಟೆ. ಒಳಗಿನ ಪಟ್ಟಿಗೆ ನನ್ನ ಬೆವರು ಹತ್ತಿತ್ತು. ಒರೆಸಿ ಕೊಡಬೇಕು ಅನ್ನಿಸಿತು, ಒರೆಸಲಿಲ್ಲ. ಇಷ್ಟು ವರ್ಷ ಕಂಪನಿಗೆ ಕೊಟ್ಟದ್ದು ಅದನ್ನೇ ತಾನೆ, ಅವರ ಹತ್ತಿರವೇ ಇರಲಿ ಎಂದು ಹಾಗೇ ಕೊಟ್ಟು ಬಸ್ ಹತ್ತಿದೆ.

ನನ್ನ ಹೆಸರು ಈರಪ್ಪ. ಗಡಹಿಂಗ್ಲಜ ತಾಲೂಕಿನ ನೇಸರಿಯವನು. ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿ, ಗೌಂಡಿಗಳ ಕೈಕೆಳಗೆ ಇಟ್ಟಂಗಿ ಹೊತ್ತು, ಆಮೇಲೆ ನಾನೇ ಗೌಂಡಿಯಾಗಿ, ಕೊನೆಗೆ ಕೊಲ್ಹಾಪುರದ ಒಂದು ಬಾಂಧಕಾಮ ಕಂಪನಿಯಲ್ಲಿ, ಅಂದರೆ ಕಟ್ಟಡ ಕಟ್ಟುವ ಕಂಪನಿಯಲ್ಲಿ, ಸೈಟ್ ಸುಪರ್‌ವೈಸರ್ ಆದೆ. ಬಡ್ತಿಯ ಕಥೆ ಇಷ್ಟಕ್ಕೇ ಮುಗಿಯಿತು.

ಡಿಪ್ಲೊಮಾ ಮುಗಿಸಿ ಸೈಟಿಗೆ ಹೊರಟವರು ಈಗ ನಮ್ಮ ಮನೆಯ ಕಟ್ಟೆಗೆ ಬಂದು ಕೂತು, "ಕಾಕಾ, ನಿಮ್ಮ ಕಾಲದಾಗ ಹ್ಯಾಂಗಿತ್ರಿ?" ಎಂದು ಕೇಳುತ್ತಾರೆ. ಟ್ಯಾಬು, ಡ್ರೋನು, ಲೇಸರು ಬಂದು ಕೆಲಸ ಕೆಟ್ಟುಹೋಯಿತು ಎಂದು ನಾನು ಗೋಳಾಡಲಿ ಅಂತ ಅವರಿಗೆ ಆಸೆ. ನಾನು ಗೋಳಾಡುವುದಿಲ್ಲ. ಹಳೆಯ ಕಾಲದಲ್ಲಿ ನಾವು ಕಟ್ಟಿದ ಎಷ್ಟು ಗೋಡೆ ಸೊಟ್ಟಗಿವೆ ಎಂದು ನನಗೆ ಗೊತ್ತು. ನೇಸರಿಯಿಂದ ಗಡಹಿಂಗ್ಲಜಕ್ಕೆ ಹೋಗುವ ಎಸ್‌ಟಿ ಬಸ್ಸಿನ ಎಡಗಡೆ ಕಿಟಕಿಯಿಂದ ಎರಡು ಈಗಲೂ ಕಾಣುತ್ತವೆ, ಅವು ಬಂದಾಗ ನಾನು ಬಲಗಡೆ ನೋಡುತ್ತೇನೆ. ಹೊಸದನ್ನು ಪೂಜಿಸುವವನೂ ನಾನಲ್ಲ. ನಾನು ಹೇಳಬೇಕೆಂದಿರುವುದು ಒಂದೇ ಒಂದು ವಿಷಯ, ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ನನಗೆ ಕೆಲಸ ಕಲಿಸಿದವರು ರಾಮಾ ಮಿಸ್ತ್ರಿ. ಆಗ ಮಟ್ಟ ನೋಡಲು ನಮ್ಮ ಹತ್ತಿರ ಇದ್ದದ್ದು ನೀರು ತುಂಬಿದ ಉದ್ದನೆಯ ಪ್ಲಾಸ್ಟಿಕ್ ಪೈಪು. ಈ ತುದಿಯಲ್ಲಿ ಒಬ್ಬ, ಆ ತುದಿಯಲ್ಲಿ ಒಬ್ಬ ಹಿಡಿದರೆ ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅಲ್ಲಿ ಗುರುತು ಹಾಕಿ ದಾರ ಕಟ್ಟಬೇಕು. ಮಹಾಗಾಂವದ ಒಂದು ಮನೆಯ ಪಡಸಾಲೆಗೆ ಮೊದಲ ಸಲ ನಾನೇ ಮಟ್ಟ ಹಿಡಿದೆ. ಪೈಪಿನ ನಡುವೆ ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಂಡಿದ್ದನ್ನು ನೋಡಲಿಲ್ಲ. ನೆಲಕ್ಕೆ ಫರಸಿ ಕಲ್ಲು ಹಾಸಿ ಮುಗಿಸಿ ನೀರು ಚೆಲ್ಲಿ ತೊಳೆದರೆ, ನೀರು ಬಾಗಿಲ ಕಡೆ ಹೋಗುವುದು ಬಿಟ್ಟು ಸೀದಾ ದೇವರ ಕೋಣೆಗೆ ಹೊರಟಿತು.

"ದೇವ್ರಿಗೆ ದಿನಾ ಜಳಕ ಮಾಡಸಾಂವ ಇದ್ದೀಯೇನೋ ಗೌಂಡಿ?" ಅಂದರು ಆ ಮನೆಯ ಯಜಮಾನಿ.

ರಾಮಾ ಮಿಸ್ತ್ರಿ ಬಯ್ಯಲಿಲ್ಲ. ಪೈಪನ್ನು ಬಿಸಿಲಿಗೆ ಹಿಡಿದು ಗುಳ್ಳೆ ತೋರಿಸಿದರು. "ಪೈಪಿಂದೇನೂ ತಪ್ಪಿಲ್ಲೋ ಈರ್ಯಾ. ಅದರ ಹೊಟ್ಟ್ಯಾಗ ಏನೈತಿ ಅಂತ ನೀ ನೋಡಲಿಲ್ಲ" ಅಂದರು. ಹಾಸಿದ ಫರಸಿಯನ್ನೆಲ್ಲ ನಾನೇ ಕಿತ್ತೆ, ನಾನೇ ಮತ್ತೆ ಹಾಸಿದೆ.

ಇನ್ನು ಸಾವಂತ ಸಾಹೇಬರು. ನಾನು ಕಂಪನಿ ಸೇರಿದಾಗ ಅವರು ಹೊಸ ಇಂಜಿನಿಯರ್, ನಾನು ಬಿಡುವ ಹೊತ್ತಿಗೆ ಎಲ್ಲ ಸೈಟಿಗೂ ದೊಡ್ಡವರು. ನಿಪ್ಪಾಣಿ ಕಡೆಯವರು, ಮನೆಮಾತು ಮರಾಠಿ, ಆದರೆ ಕನ್ನಡದಲ್ಲಿ ನಮಗಿಂತ ಚೆನ್ನಾಗಿ ಬಯ್ಯುತ್ತಿದ್ದರು. ಏಳನೆಯ ಇಯತ್ತೆಯವನಿಗೆ ನಕ್ಷೆ ಓದಲು ಕಲಿಸಿದವರು ಅವರೇ. ಮಧ್ಯಾಹ್ನ ಸಿಮೆಂಟ್ ಚೀಲದ ಮೇಲೆ ನಕ್ಷೆ ಹಾಸಿ, ಒಂದು ಕೈಯಲ್ಲಿ ಭಕ್ಕರಿ ಮುರಿಯುತ್ತ, ಇನ್ನೊಂದು ಕೈಯಲ್ಲಿ ಈ ಗೆರೆ ಕಬ್ಬಿಣದ ಸಳಿ, ಈ ಗೆರೆ ಅದಕ್ಕೆ ಸುತ್ತುವ ರಿಂಗು ಎಂದು ತೋರಿಸುತ್ತಿದ್ದರು. ಆ ಋಣ ನನ್ನ ಮೇಲಿದೆ. ಮುಂದಿನದನ್ನು ಹೇಳಲು ಅದಕ್ಕೇ ನಾಲಗೆ ತಡೆಯುತ್ತದೆ, ಆದರೂ ಹೇಳುತ್ತೇನೆ.

ಕೊಲ್ಹಾಪುರದಲ್ಲಿ ಮೂರು ಅಂತಸ್ತಿನ ಒಂದು ಕಟ್ಟಡ ನಡೆದಿತ್ತು. ಒಂದು ಕಾಲಮ್ಮಿನ ಹಲಗೆ ಬಿಚ್ಚಿದಾಗ ನೋಡಿದರೆ ಕಾಂಕ್ರೀಟು ಬುಡದವರೆಗೆ ಇಳಿದಿರಲೇ ಇಲ್ಲ. ಜಲ್ಲಿಯ ಖಡಿ ಹಲ್ಲು ಕಿಸಿದುಕೊಂಡು ನಿಂತಿತ್ತು, ಅದರ ಹಿಂದೆ ಸಳಿ ಕಾಣುತ್ತಿತ್ತು. ಸೈಟಿನ ಡೈರಿಯಲ್ಲಿ ಕಂಡದ್ದನ್ನು ಕಂಡಂತೆ ಬರೆದೆ. ಸಾಹೇಬರು ಓದಿದರು. ಆ ಹಾಳೆಯನ್ನು ಸದ್ದಿಲ್ಲದೆ ಹರಿದು, ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು.

"ಈರಪ್ಪ, ನಿನ್ನ ಅಕ್ಷರ ಭಾಳ ಛಲೋ ಅದಾವ. ಇನ್ನೊಮ್ಮೆ ಬರಿ. ಕಾಲಂ ಬರೋಬರ್ ಐತಿ ಅಂತ ಬರಿ."

"ಸಾಹೇಬ್ರ, ಸಳಿ ಕಾಣಾಕತ್ತಾವ್ರಿ."

"ಸಿಮೆಂಟ್ ಬಳದು ಗಿಲಾವ ಮಾಡಿದ ಮ್ಯಾಲ ಕಾಣ್ತಾವೇನು?"

ಬರೆದೆ. ನನ್ನ ಛಲೋ ಅಕ್ಷರದಲ್ಲೇ ಬರೆದೆ. ಬಣ್ಣ ಬಳಿದುಕೊಂಡು ಆ ಕಟ್ಟಡ ಇವತ್ತಿಗೂ ನಿಂತಿದೆ, ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತವೆ. ನಿಂತಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ, ಆಗಿಲ್ಲ. ಆ ರಸ್ತೆಗೆ ಹೋದರೆ ಎದುರಿನ ಫುಟ್‌ಪಾತಿನಲ್ಲಿ ನಡೆಯುತ್ತೇನೆ.

ಆಮೇಲೆ ಮಷಿನುಗಳು ಬಂದವು. ಮೊದಲು ಲೇಸರ್ ಲೆವೆಲ್. ಗೋಡೆಯ ಮೇಲೆ ಕೆಂಪು ಗೆರೆ ಎಳೆದು ನಿಲ್ಲಿಸಿದ ದಿನವೇ ನಾನು ನೀರಿನ ಪೈಪನ್ನು ಮನೆಗೆ ತಂದು ಎಮ್ಮೆ ಮೈ ತೊಳೆಯಲು ಇಟ್ಟೆ. ನನಗೆ ಒಂದಿಷ್ಟೂ ದುಃಖವಾಗಲಿಲ್ಲ. ಆಮೇಲೆ ಮೇಲಿಂದ ಫೋಟೋ ತೆಗೆಯುವ ಡ್ರೋನು, ಇಡೀ ಮನೆಯನ್ನು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಕಟ್ಟಿ ತಿರುಗಿಸಿ ತೋರಿಸುವ ಮಾಡೆಲ್. ಗೋಡೆ ಎಬ್ಬಿಸಿದ ಮೇಲೆ ಪೈಪಿಗೆಂದು ಒಡೆಯುವ ಪಾಪ ಕಡಿಮೆಯಾಯಿತು. ಇದನ್ನೆಲ್ಲ ನನಗೆ ಕಲಿಸಿದವಳು ಶ್ವೇತಾ. ಮಹಾಗಾಂವದ ಹುಡುಗಿ, ಓದು ಮುಗಿಸಿ ನೇರ ನಮ್ಮ ಸೈಟಿಗೆ ಬಂದ ಇಂಜಿನಿಯರ್. ಸೀನಿಯರ್ ಸುಪರ್‌ವೈಸರನಿಗೆ ಟ್ಯಾಬು ಹಿಡಿಯಲು ಕಲಿಸುವುದೆಂದರೆ ಎಮ್ಮೆಗೆ ಸೈಕಲ್ಲು ಕಲಿಸಿದ ಹಾಗೆ ಎಂದು ಅವಳು ಯಾರಿಗೋ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಎರಡು ವಾರದಲ್ಲಿ ಕಲಿತು ತೋರಿಸಿದೆ.

ಒಂದೇ ತೊಡಕು, ನನ್ನ ಬೆರಳು. ಹಾಜರಿಗೂ, ಮುಗಿದ ಕೆಲಸ ನೋಡಿ ಪಾಸ್ ಮಾಡಲಿಕ್ಕೂ ಬೆರಳು ಒತ್ತಬೇಕಿತ್ತು. ನಾನು ಒತ್ತಿದರೆ ಮಷಿನು ಸುಮ್ಮನೆ ಇರುತ್ತಿತ್ತು. ಸಿಮೆಂಟು ಮತ್ತು ಸುಣ್ಣ ನನ್ನ ಹತ್ತೂ ಬೆರಳಿನ ಗೆರೆಯನ್ನು ತಿಂದು ಹಾಕಿದ್ದವು. ಒಂಬತ್ತು ದಿನ ಸೈಟಿನಲ್ಲಿ ನಿಂತು ಕೆಲಸ ಮಾಡಿಸಿದವನು ಕಂಪ್ಯೂಟರಿನಲ್ಲಿ ಒಂಬತ್ತೂ ದಿನ ಗೈರುಹಾಜರಾಗಿದ್ದೆ. ಶ್ವೇತಾ ಆಫೀಸಿಗೆ ಬರೆದು ನನಗೊಬ್ಬನಿಗೆ ಬೇರೆ ವ್ಯವಸ್ಥೆ ಮಾಡಿಸಿದಳು. ಕೆಲಸ ಪಾಸ್ ಮಾಡುವಾಗ ನನ್ನ ಮೊಬೈಲಿಗೆ ಆರು ಅಂಕಿಯ ಓಟಿಪಿ ಬರುತ್ತದೆ, ಅದನ್ನು ಟ್ಯಾಬಿನಲ್ಲಿ ಹಾಕಿದರೆ ಅದೇ ನನ್ನ ಸಹಿ. ಗೌಂಡಿ ಕೆಲಸದಿಂದ ಮೇಲೆ ಬಂದ ಬೇರೆ ಸುಪರ್‌ವೈಸರುಗಳೂ ನಮಗೂ ಹಾಗೇ ಮಾಡಿ ಎಂದರು, ಅವರ ಬೆರಳೂ ನನ್ನ ಬೆರಳಿನ ಹಾಗೇ ಇದ್ದವು.

ಓಟಿಪಿ ಬಂತು, ಅದರ ಹಿಂದೆಯೇ ನಮ್ಮ ಜನರ ಚಾಳಿಯೂ ಬಂತು. ಗ್ಯಾಸಿನವನಿಗೆ, ಬ್ಯಾಂಕಿನವನಿಗೆ ಫೋನಿನಲ್ಲಿ ಓಟಿಪಿ ಕೂಗಿ ಹೇಳುವ ಹಾಗೆ ಸೈಟಿನವರಿಗೂ ಹೇಳತೊಡಗಿದೆವು. ಸುಪರ್‌ವೈಸರ್ ಮದುವೆಯಲ್ಲಿದ್ದರೂ ಸೈಟಿನಲ್ಲಿ ಕೆಲಸ ಪಾಸಾಗುತ್ತಿತ್ತು. ನಾನೂ ಹೇಳಿದ್ದೇನೆ. ಒಂದು ಶನಿವಾರ ಊರಿಗೆ ಹೊರಟ ಬಸ್ಸಿನಲ್ಲಿ ನಿಂತಿದ್ದೆ, ಕಂಕುಳಲ್ಲಿ ಚೀಲ. ಕೊಲ್ಹಾಪುರದ ಸೈಟಿನಿಂದ ಫೋನ್ ಬಂತು. ಸ್ನಾನದ ಮನೆಯ ನೀರಿನ ಪರೀಕ್ಷೆ ಆಗಿದೆ, ಓಟಿಪಿ ಹೇಳಿ ಅಂದರು. ಮೋರಿಗೆ ಬೂಚು ಹಾಕಿ, ನೆಲದ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಕೆಳಗಿನ ಮನೆಯ ಛಾವಣಿ ನೋಡುವ ಪರೀಕ್ಷೆ ಅದು. ನೋಡದೆ ಆರು ಅಂಕಿ ಹೇಳಿಬಿಟ್ಟೆ. ಟೈಲ್ಸ್ ಕೂಡಿಸಿ ಜನ ಬಂದು ಕೂತ ಮೇಲೆ ಕೆಳಗಿನ ಮನೆಯ ಅಡುಗೆಕಟ್ಟೆಯ ಮೇಲೆ ನೀರು ತೊಟ್ಟಿಕ್ಕಿತು. ಪರೀಕ್ಷೆಯನ್ನು ಯಾರೂ ಮಾಡಿರಲೇ ಇಲ್ಲ. ಟ್ಯಾಬು ತೆಗೆದು ನೋಡಿದರೆ ಪಾಸ್ ಮಾಡಿದವನು ಈರಪ್ಪ, ತಾರೀಖು ಇಂಥದ್ದು, ಸಂಜೆ ಇಷ್ಟು ಗಂಟೆ. ಆ ಗಂಟೆಗೆ ನಾನು ಬಸ್ಸಿನಲ್ಲಿ ಕಂಬಿ ಹಿಡಿದು ಜೋಲಿ ಹೊಡೆಯುತ್ತಿದ್ದೆ. ಕೆಳಗಿನ ಮನೆಯ ತಾಯಿ ಬಕೆಟ್ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಆ ಟೈಲ್ಸನ್ನು ಈ ವಯಸ್ಸಿನಲ್ಲಿ ನಾನೇ ಉಳಿ ಹಿಡಿದು ಕಿತ್ತೆ. ಅಂದಿನಿಂದ ನೋಡದೆ ಯಾರಿಗೂ ಅಂಕಿ ಹೇಳುವುದಿಲ್ಲ ಎಂದು ನಿರ್ಧಾರ ಮಾಡಿದೆ.

ಗಡಹಿಂಗ್ಲಜದ ನೀಲಮ್ಮಜ್ಜಿಯ ಕಥೆಯನ್ನೂ ಇಲ್ಲೇ ಹೇಳಬೇಕು. ಅವರದು ಬೆಲ್ಲದ ವ್ಯಾಪಾರದ ಲಿಂಗಾಯತ ಮನೆತನ, ನಾವು ಕಟ್ಟಿದ ಮೊದಲ ಸ್ಮಾರ್ಟ್ ಮನೆ ಅವರದೇ. ಬಾಗಿಲು ಮೊಬೈಲಿಗೆ ತೆರೆಯುತ್ತದೆ, ಟ್ಯಾಂಕಿ ತಾನೇ ತುಂಬುತ್ತದೆ, ಕೋಣೆಗೆ ಜನ ಬಂದರೆ ದೀಪ ಹತ್ತುತ್ತದೆ, ಯಾರೂ ಇಲ್ಲದಿದ್ದರೆ ತಾನೇ ಆರುತ್ತದೆ. ಗೃಹಪ್ರವೇಶವಾದ ವಾರಕ್ಕೇ ಫೋನು. ಪೂಜೆಯ ಕೋಣೆಯಲ್ಲಿ ದೀಪ, ಫ್ಯಾನು ಎರಡೂ ನಡುವೆಯೇ ಆರಿಹೋಗುತ್ತವೆ. ಶ್ವೇತಾ ಎರಡು ಸಲ ಹೋದಳು. ಒಳಗೆ ನಡೆದಾಡಿದಳು, ಕೈ ಬೀಸಿದಳು, ದೀಪ ಆರಲಿಲ್ಲ. ಎಲ್ಲ ಸರಿ ಇದೆ ಎಂದು ಬರೆದು ಬಂದಳು. ಮೂರನೆಯ ಸಲ ನಾನು, "ಅಜ್ಜಿ ಪೂಜಿ ಮಾಡೂ ಹೊತ್ತಿಗೆ ಹೋಗೂಣು ಬಾ" ಎಂದು ಬೆಳಿಗ್ಗೆ ಕರೆದುಕೊಂಡು ಹೋದೆ.

ಅಜ್ಜಿ ವಿಭೂತಿ ಹಚ್ಚಿಕೊಂಡು ಕೂತರು. ಎಡಗೈಯ ಅಂಗೈಯಲ್ಲಿ ಲಿಂಗ, ಅದರ ಮೇಲೆ ದೃಷ್ಟಿ. ಆಮೇಲೆ ಅವರ ರೆಪ್ಪೆ ಕೂಡ ಅಲುಗಲಿಲ್ಲ. ನಾವು ಬಾಗಿಲ ಹೊರಗೆ ಉಸಿರು ಹಿಡಿದು ನಿಂತಿದ್ದೆವು. ಐದು ನಿಮಿಷಕ್ಕೆ ದೀಪ ಟಪ್ ಎಂದು ಆರಿತು, ಫ್ಯಾನು ನಿಂತಿತು. ಅಜ್ಜಿ ಆ ಅರೆಗತ್ತಲಲ್ಲೇ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು, ನಿಧಾನಕ್ಕೆ ಎದ್ದು ಬಂದರು.

"ನೋಡಿದಿ ಏನವಾ ತಂಗಿ? ನಾ ಇದ್ದೇನಿ ಅಂತ ನಿನ್ನ ಮಷಿನ್ನಿಗೆ ತಿಳಿಬೇಕಂದ್ರ ನಾ ಕುಣೀಬೇಕೇನು?"

ಶ್ವೇತಾಳ ಮುಖ ಕೆಂಪಗಾಯಿತು. ಆ ಕೋಣೆಗೆ ಸಾದಾ ಬಟನ್ ಹಾಕಿ ಕೊಟ್ಟು ಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಅವಳಿಗೆ ಹೇಳಿದೆ, "ಪರೀಕ್ಷಾ ಮಾಡೂದಾದ್ರ ಮನಿ ಮಂದಿ ಹ್ಯಾಂಗ ಇರ್ತಾರ ಹಂಗ ಇದ್ದಾಗ ಮಾಡವಾ. ನಮಗ ಪುರಸೊತ್ತ ಇದ್ದಾಗ ಅಲ್ಲ." ಅವಳು ಅದನ್ನು ಮರೆಯಲಿಲ್ಲ. ಅದು ನನಗೆ ಇಚಲಕರಂಜಿಯಲ್ಲಿ ಗೊತ್ತಾಯಿತು.

ಇಚಲಕರಂಜಿಯಲ್ಲಿ ಚಂದ್ರಪ್ಪ ಎಂಬವರ ಮನೆ. ಅವರ ತಂದೆ ತೇರದಾಳ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವರು. ಚಂದ್ರಪ್ಪ ಕೂಲಿ ನೇಯ್ದು, ಸ್ವಂತಕ್ಕೆ ಎಂಟು ಪವರ್‌ಲೂಮ್ ಮಾಡಿಕೊಂಡಿದ್ದರು. ಕೆಳಗೆ ಮಗ್ಗ, ಹಿಂದುಗಡೆ ತಗಡಿನ ಪತ್ರಾಸು ಹೊದಿಸಿದ ಎರಡು ಕೋಣೆಯಲ್ಲಿ ಸಂಸಾರ. ಹೆಂಡತಿ ಸರಸ್ವತಿ, ಇಬ್ಬರು ಹೆಣ್ಣುಮಕ್ಕಳು. ಹತ್ತಿಯ ದೂಳು ಅನ್ನದ ಮೇಲೆ, ಹಾಸಿಗೆಯ ಮೇಲೆ, ಮಕ್ಕಳ ಪುಸ್ತಕದ ಮೇಲೆ. ಸರಸ್ವತಕ್ಕನಿಗೆ ವರ್ಷಗಟ್ಟಲೆ ಕೆಮ್ಮು. ದೂಳು ಬಿಟ್ಟು ಮೇಲೆ ಹೋಗಿ ಇರಿ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಮಗ್ಗದ ಶೆಡ್ಡಿನ ಮೇಲೆ ಎರಡು ಅಂತಸ್ತು ಎಬ್ಬಿಸುವ ಕೆಲಸ ನಮಗೆ ಬಂತು. ಗಾಳಿ ಸೋಸುವ ಮಷಿನು, ದೂಳು ಹೆಚ್ಚಾದರೆ ತಾನೇ ಮುಚ್ಚುವ ಕಿಟಕಿ, ಕೆಳಗೆ ಯಾವ ಮಗ್ಗ ನಿಂತಿದೆ ಎಂದು ಮೇಲಿನ ಕೋಣೆಯಲ್ಲೇ ಹೇಳುವ ಫೋನು. ಚಂದ್ರಪ್ಪ ಅದನ್ನೆಲ್ಲ ಹಬ್ಬದ ಅಡುಗೆಯ ಹಾಗೆ ಎಣಿಸಿ ಎಣಿಸಿ ಹೇಳುತ್ತಿದ್ದರು.

ಹಳೆಯ ಶೆಡ್ಡು ಮೇಲಿನ ಭಾರ ಹೊರುತ್ತದೋ ಇಲ್ಲವೋ ನೋಡಬೇಕಿತ್ತು. ಸುತ್ತಲೂ ತಿರುಗಿ ಅಳತೆ ತೆಗೆಯುವ ಲೇಸರ್ ಸ್ಕ್ಯಾನರ್ ಬಂತು, ಕಾಲಮ್ಮಿಗೆ ಅಂಟಿಸಿ ಅದುರು ಅಳೆಯುವ ಸೆನ್ಸರ್ ಬಂತು. ಬಂದದ್ದು ಯಾವಾಗ? ವಾರದ ಸೂಟಿಯ ದಿನ. ಮಗ್ಗ ನಡೆದಾಗ ಹತ್ತಿಯ ದೂಳಿಗೆ ಲೇಸರ್ ಮಂಕಾಗುತ್ತದೆ, ಗದ್ದಲಕ್ಕೆ ಮಾತು ಕೇಳುವುದಿಲ್ಲ. ಚಂದ್ರಪ್ಪನವರೇ, "ಸೂಟಿ ದಿನ ಬರ್ರಿ, ಆರಾಮ ಆಗ್ತೈತಿ" ಅಂದಿದ್ದರು, ಚಹಾ ಚುರಮುರಿ ಕೊಟ್ಟಿದ್ದರು. ನಾನು ಅಂದು ಬೇರೆ ಸೈಟಿನಲ್ಲಿದ್ದೆ. ಎಂಟೂ ಮಗ್ಗ ನಿದ್ದೆ ಹೋದ ಶೆಡ್ಡು ಅದುರದೆ ನಿಂತಿತ್ತು. ವರದಿ ಪೂರ್ತಿ ಹಸಿರು. ಗುರುವಾರ ಮೇಲಿನ ಸ್ಲ್ಯಾಬಿಗೆ ಕಾಂಕ್ರೀಟು ಹಾಕುವುದು ಎಂದು ಸಾವಂತ ಸಾಹೇಬರು ತಾರೀಖು ಗೊತ್ತು ಮಾಡಿದರು. ಅದಕ್ಕೆ ಮೊದಲು ಕಾಲಂ ತಪಾಸಣೆ ಪಾಸ್ ಮಾಡುವ ಓಟಿಪಿ ನನ್ನದು.

ಸೋಮವಾರ ನಾನು ಹೋದೆ. ಎಂಟೂ ಮಗ್ಗ ನಡೆದಿದ್ದವು, ಕಾಲ ಕೆಳಗಿನ ನೆಲ ಗುಂಯ್ ಅನ್ನುತ್ತಿತ್ತು. ಸರಸ್ವತಕ್ಕನ ಹತ್ತಿರ ಒಂದು ತಂಬಿಗೆ ನೀರು ಇಸಿದುಕೊಂಡು ಶೆಡ್ಡಿನ ಮಾಳಿಗೆ ಹತ್ತಿದೆ. ಒಂದೊಂದು ಮೂಲೆಯ ಕಾಲಮ್ಮಿನ ತಲೆಯ ಮೇಲೂ ತಂಬಿಗೆ ಇಟ್ಟು ಕೂತೆ. ಮೂರು ಮೂಲೆಯಲ್ಲಿ ನೀರಿನ ಮೇಲೆ ಸಣ್ಣ ಸಣ್ಣ ಬಳೆ. ನಾಲ್ಕನೆಯದರಲ್ಲಿ ನೀರು ಕುಣಿದು ಅಂಚಿನಿಂದ ಹೊರಗೆ ಬಿತ್ತು. ಕೆಳಗೆ ಬಂದು ನೋಡಿದರೆ ಆ ಕಾಲಮ್ಮಿನ ಮುಂದೆ ಎದೆಮಟ್ಟ ನೂಲಿನ ಚೀಲ ಒಟ್ಟಿದ್ದರು. ಸ್ಕ್ಯಾನರಿಗೆ ಕಂಡದ್ದು ಚೀಲ, ಚೀಲದ ಹಿಂದಿನ ಕಾಲಮ್ಮನ್ನು ಕಂಪ್ಯೂಟರು ತಾನೇ ನೆಟ್ಟಗೆ ಗೆರೆ ಎಳೆದುಕೊಂಡು ತುಂಬಿತ್ತು. ಚೀಲ ಸರಿಸಿದೆ. ಗೋಡೆಯ ಆಚೆ ಬಚ್ಚಲು, ಬುಡವೆಲ್ಲ ಹಸಿ. ಗಿಲಾವ ಉಬ್ಬಿಕೊಂಡಿತ್ತು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬದಬದ ಸದ್ದು, ಒಂದು ಪದರು ಕಳಚಿ ಬಿತ್ತು. ಒಳಗೆ ಕಂದು ಬಣ್ಣದ ತುಕ್ಕಿನ ಪುಡಿ. ಕೊಲ್ಹಾಪುರದ ಆ ಹಳೆಯ ಕಾಲಂ ನನ್ನ ಕಣ್ಣ ಮುಂದೆ ಬಂದು ನಿಂತಿತು. ಇಲ್ಲಿಯಾದರೋ ಮೇಲೆ ಎರಡು ಅಂತಸ್ತು, ಮೇಲೆ ಮಲಗುವ ಮಕ್ಕಳು, ಕೆಳಗೆ ನೇಯುವ ಜನ.

ಸಾಹೇಬರಿಗೆ ಫೋನ್ ಮಾಡಿದೆ. ಸಂಜೆ ಅವರೇ ಕಾರಿನಲ್ಲಿ ಬಂದರು, ಜೊತೆಗೆ ಶ್ವೇತಾ ಟ್ಯಾಬು ಹಿಡಿದು. ಮಗ್ಗದ ಸದ್ದಿಗೆ ಒಳಗೆ ಮಾತಾಡಲಾಗದೆ ಓಣಿಯಲ್ಲಿ ನಿಂತೆವು. ಸ್ಲ್ಯಾಬು ತಡವಾಗುತ್ತದೆ ಎಂದು ಕೇಳಿದ ಕೂಡಲೇ ಚಂದ್ರಪ್ಪ ಸಿಡಿದರು.

"ಕಂಪ್ಯೂಟರ್ ಪಾಸ್ ಮಾಡೇತಿ, ನೀವ್ಯಾರ್ರಿ ಬ್ಯಾಡ ಅನ್ನಾವ್ರು? ಒಳಗ ಅಕಿ ಕೆಮ್ಮೂದು ಕೇಳಸಾಕತ್ತಿಲ್ಲೇನು ನಿಮಗ?"

ಕೇಳಿಸುತ್ತಿತ್ತು. "ಅಕ್ಕನ್ನ ಮ್ಯಾಲ ಕಳಸೂನ್ರಿ. ಆದ್ರ ಆ ಕಾಲಮ್ಮಿನ ಮ್ಯಾಲ ಅಲ್ಲ" ಅಂದೆ.

ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. ಶ್ವೇತಾಳಿಗೆ ಒತ್ತು ಅಂದರು. ನನ್ನ ಕಿಸೆಯಲ್ಲಿ ಫೋನು ಗುರ್ರ್ ಅಂದಿತು.

"ಬಂತೇನು?"

"ಬಂತ್ರಿ."

"ಹೇಳು."

"ಹೇಳೂದಿಲ್ರಿ."

ಅವರಿಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡು ಇನ್ನೊಮ್ಮೆ ಹೇಳಿದೆ. ಅವರು ಸಿಟ್ಟಾಗಲಿಲ್ಲ, ನಕ್ಕರು. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಈರಪ್ಪ, ನಿವೃತ್ತಿಗೆ ಒಂದು ತಿಂಗಳು ಉಳಿದೈತಿ. ಶಾಲು ಹೊದಿಸಿ ಕಳಸಬೇಕು ಅಂತ ಮಾಡೇನಿ. ನಿನಗ ನಕ್ಷಾ ಓದಾಕ ಕಲಿಸಿದಾಂವ ನಾನು."

"ಹೌದ್ರಿ. ನೀವು ಕಲಿಸಿದ್ದಕ್ಕ ಓದಾಕತ್ತೇನಿ. ಅವತ್ತು ನೀವು ಹಾಳಿ ಹರಿದ್ರಿ, ನಾ ಬಾಯಿ ಮುಚ್ಚಿಕೊಂಡು ಮತ್ತ ಬರದು ಕೊಟ್ಟೆ. ಇವತ್ತ ಹರ್ಯಾಕ ಹಾಳಿ ಇಲ್ರಿ ಸಾಹೇಬ್ರ. ನನ್ನ ಬಾಯಾಗ ಐತಿ, ಅದು ಬರೂದಿಲ್ಲ."

ಅವರ ನಗು ನಿಂತಿತು. ಹೆಲ್ಮೆಟ್ ಇಟ್ಟು ಹೋಗು ಅಂದದ್ದು ಆಗ. ಆಫೀಸಿನಿಂದ ಓಟಿಪಿ ಹೋಗುವ ನಂಬರ್ ಬದಲಿಸಲು ಎರಡು ದಿನ ಹಿಡಿಯುತ್ತದೆ, ಗುರುವಾರಕ್ಕೆ ಸರಿಹೋಗುತ್ತದೆ ಎಂದು ಶ್ವೇತಾಳಿಗೆ ಹೇಳುವುದು ಕೇಳಿಸಿತು. ನಾನು ಬಸ್‌ಸ್ಟ್ಯಾಂಡಿಗೆ ನಡೆದೆ. ಕಿಸೆಯಲ್ಲಿ ಆರು ಅಂಕಿ ಇದ್ದವು. ಬಸ್ಸಿನಲ್ಲಿ ಒಂದೆರಡು ಸಲ ತೆಗೆದು ನೋಡಿದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗುರುವಾರ ಸ್ಲ್ಯಾಬು ಹಾಕಿಯೇಬಿಟ್ಟರೆ ನಾನು ಮಾಡಿದ್ದಕ್ಕೆ ಬೆಲೆ ಏನು ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಬುಧವಾರ ಮಧ್ಯಾಹ್ನ ಶ್ವೇತಾಳ ಫೋನು. ಹಿಂದೆ ಮಗ್ಗದ ಸದ್ದು, ಅವಳು ಕಿರುಚಿ ಮಾತಾಡುತ್ತಿದ್ದಳು.

"ಕಾಕಾ, ಮಗ್ಗ ನಡದಾಗ ಸೆನ್ಸರ್ ಹಚ್ಚೇನ್ರಿ. ನಾಕನೇ ಕಾಲಂ ಕೆಂಪ ಬಂತ್ರಿ! ಪೂರಾ ಕೆಂಪ!"

ಯಾರನ್ನೂ ಕೇಳದೆ, ತನ್ನದೇ ಹೆಸರಿನಲ್ಲಿ ಹಚ್ಚಿದ್ದಳು. ಅಜ್ಜಿಯ ಪೂಜೆಯ ಕೋಣೆ ನೆನಪಾಯಿತಂತೆ. ಸಾಹೇಬರು ಬಂದು ಆ ದಾಖಲೆ ಅಳಿಸಲು ಹೇಳಿದರು. "ಸರ್, ಅಳಸೂ ಬಟನ್ ಇಲ್ರಿ ಇದರಾಗ" ಅಂದಳಂತೆ ಅವಳು, ಟ್ಯಾಬನ್ನು ಅವರ ಕೈಗೇ ಕೊಟ್ಟು. ಅವರು ಹುಡುಕಿದರಂತೆ ಕೂಡ. ಅಷ್ಟು ಹೊತ್ತಿಗೆ ಆಫೀಸಿನವರೂ ಚಂದ್ರಪ್ಪನವರೂ ತಮ್ಮ ತಮ್ಮ ಫೋನಿನಲ್ಲಿ ಅದೇ ಕೆಂಪನ್ನು ನೋಡುತ್ತಿದ್ದರು. ಸ್ಲ್ಯಾಬು ನಿಂತಿತು. ಗಿಲಾವ ಪೂರ್ತಿ ಬಿಚ್ಚಿದಾಗ ಹೆಬ್ಬೆರಳಿನ ದಪ್ಪದ ಸಳಿ ಕಿರುಬೆರಳಿಗಿಂತ ಸಣ್ಣದಾಗಿತ್ತು. ಭಾರವನ್ನು ಜಾಕಿನ ಮೇಲೆ ಹೊರಿಸಿ, ಬಚ್ಚಲು ಬೇರೆ ಕಡೆ ಸರಿಸಿ, ಸುತ್ತಲೂ ಹೊಸ ಸಳಿ ಕಟ್ಟಿ ಕಾಲಂ ದಪ್ಪ ಮಾಡಬೇಕಾಯಿತು. ಅಷ್ಟೂ ದಿನ ಮಗ್ಗ ಬಂದ್. ಸರಸ್ವತಕ್ಕ ಬಿದ್ರಿಯ ತಂಗಿಯ ಮನೆಗೆ ಹೋಗಿ ಇದ್ದರು.

ಹೊಸದಾಗಿ ಸೈಟಿಗೆ ಹೋಗುವವರೇ, ನೀವು ಕಲಿಯುವ ಮಷಿನು ನನ್ನ ತಂಬಿಗೆಗಿಂತ ಸಾವಿರ ಪಾಲು ಜಾಣ. ಕಲಿಯಿರಿ, ನನ್ನಂಥವರು ನಕ್ಕರೆ ನಗಲಿ. ಆದರೆ ಅದರ ಮುಂದೆ ಚೀಲ ಒಟ್ಟಿದೆಯೋ, ಅದನ್ನು ತಂದದ್ದು ಸೂಟಿಯ ದಿನವೋ ಎಂದು ಕೇಳುವುದು ನಿಮ್ಮ ಕೆಲಸ. ಹರಿಯಲು ಬಾರದ ಡೈರಿ ನಿಮ್ಮ ಕೈಯಲ್ಲಿದೆ. ನಮ್ಮ ಕಾಲದಲ್ಲಿ ಅದು ಇದ್ದಿದ್ದರೆ ನಾನು ಕೊಲ್ಹಾಪುರದ ಆ ಕಟ್ಟಡದ ಮುಂದೆ ಫುಟ್‌ಪಾತು ಬದಲಿಸಿ ನಡೆಯಬೇಕಾಗುತ್ತಿರಲಿಲ್ಲ. ನಿಮ್ಮ ಸಹಿಯನ್ನು ಫೋನಿನಲ್ಲಿ ಕೇಳಿದವರಿಗೆಲ್ಲ ಹಂಚಬೇಡಿ. ಕೇಳುವವರು ನಿಮಗೆ ಅನ್ನ ಕೊಟ್ಟವರಾದರೂ ಸರಿ, ವಿದ್ಯೆ ಕೊಟ್ಟವರಾದರೂ ಸರಿ.

ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವಾಗ ಫೋನು ಗುರ್ರ್ ಅಂದಿತು. ತೆಗೆದು ನೋಡಿದರೆ ಆರು ಅಂಕಿ. ಹಿಂದೆಯೇ ಶ್ವೇತಾ.

"ಕಾಕಾ, ನಿಮ್ಮ ನಂಬರ್ ತಗಿ ಅಂತ ಸಾಹೇಬ್ರು ಹೇಳಿದ್ರು. ಬ್ಯಾರೆ ಸೈಟಿಂದೆಲ್ಲಾ ತಗದೇನ್ರಿ. ಚಂದ್ರಪ್ಪನೋರ ಮನಿದು ತಗದಿಲ್ಲ."

"ಯಾಕವಾ?"

"ನಾಕನೇ ಕಾಲಂ ಕೆಟ್ಟೈತಿ ಅಂದಾವ್ರು ನೀವು. ಛಲೋ ಆಗೇತಿ ಅನ್ನೂದನ್ನೂ ನೀವ ಹೇಳ್ಬೇಕು. ಸೆನ್ಸರ್ ಹಸರ ತೋರಸಾಕತ್ತೈತಿ. ಆದ್ರೂ ನೀವು ಬರ್ರಿ, ಮಗ್ಗ ಚಾಲೂ ಮಾಡಸ್ತೇನಿ."

"ನಾ ಈಗ ಕಂಪನಿ ಮನಷ್ಯಾ ಅಲ್ಲವಾ."

"ಓಟಿಪಿ ನಿಮಗ ಬಂದೈತಲ್ರಿ" ಅಂದಳು.

ಮರುದಿನ ಹೋದೆ. ಎಂಟೂ ಮಗ್ಗ ನಡೆದಿದ್ದವು. ಚಂದ್ರಪ್ಪ ಬಾಗಿಲಲ್ಲೇ ನಿಂತಿದ್ದರು, ಅಂದಿನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಂಬಿಗೆ ತಂದುಕೊಟ್ಟವರು ಸರಸ್ವತಕ್ಕ. ಬಿದ್ರಿಯಿಂದ ಬಂದಿದ್ದರು, ಮೈ ಕೈ ತುಂಬಿಕೊಂಡಿದ್ದರು. ಮಾಳಿಗೆಗೆ ಹೋಗಿ ನಾಲ್ಕೂ ಮೂಲೆಯಲ್ಲಿ ನೀರು ಇಟ್ಟು ಕೂತೆ. ನಾಲ್ಕನೆಯದರಲ್ಲಿ ತುಸು ಹೆಚ್ಚು ಹೊತ್ತೇ ಕೂತೆ. ಸಣ್ಣ ಬಳೆಗಳು, ಉಳಿದ ಮೂರರ ಹಾಗೇ. ಕೆಳಗೆ ಬಂದು ಬುಡದಿಂದ ತಲೆಯವರೆಗೆ ಸುತ್ತಿಗೆಯಿಂದ ತಟ್ಟಿದೆ. ಮಗ್ಗದ ಗದ್ದಲದಲ್ಲಿ ಸದ್ದು ಕೇಳಿಸಲಿಲ್ಲ, ಆದರೆ ಸುತ್ತಿಗೆ ಗಟ್ಟಿಯಾಗಿ ಪುಟಿದು ಕೈಗೆ ಬಂತು.

ಸಾವಂತ ಸಾಹೇಬರು ಮೆಟ್ಟಿಲ ಹತ್ತಿರ ನಿಂತಿದ್ದರು. ಎರಡೂ ಕೈ ಕಿಸೆಯಲ್ಲಿದ್ದವು. ತಲೆಗೂದಲು ನನ್ನ ಹಾಗೇ ಪೂರ್ತಿ ಬೆಳ್ಳಗಾಗಿದ್ದನ್ನು ಆಗ ಗಮನಿಸಿದೆ.

ಹಿಂದಿನ ದಿನದ ಓಟಿಪಿ ಸತ್ತಿತ್ತು. ಶ್ವೇತಾ ಹೊಸದನ್ನು ಕಳಿಸಿ, ಟ್ಯಾಬಿನ ಮೇಲೆ ಬೆರಳು ಇಟ್ಟು ಕಾದಳು. ನಾನು ಹೇಳಿದೆ. ಅವಳು ಕೇಳಿಸುತ್ತಿಲ್ಲ ಎಂದು ಕಿವಿ ತೋರಿಸಿದಳು. ಫೋನನ್ನೇ ಅವಳ ಕೈಗೆ ಕೊಡಬಹುದಿತ್ತು, ಅಥವಾ ಓಣಿಗೆ ಹೋಗಿ ಹೇಳಬಹುದಿತ್ತು. ಕೊಡಲಿಲ್ಲ, ಹೋಗಲೂ ಇಲ್ಲ. ಅಲ್ಲೇ ನಿಂತು, ಎಂಟು ಮಗ್ಗದ ಸದ್ದಿನ ಮೇಲೆ, ಒಂದೊಂದೇ ಅಂಕಿಯನ್ನು ಗಂಟಲು ಹರಿಯುವ ಹಾಗೆ ಕೂಗಿದೆ. ನೇಯುತ್ತಿದ್ದವರು ತಿರುಗಿ ನೋಡಿದರು. ಐದು ಅಂಕಿಯನ್ನು ಶ್ವೇತಾಳಿಗೆ ಹೇಳಿದೆ. ಆರನೆಯದನ್ನು ಸಾಹೇಬರ ಕಡೆ ತಿರುಗಿ ಕೂಗಿದೆ.